ಜಿಸಿಎಸ್‌ಇ ಮುಗಿಯಿತು, ಸಿಕ್ಸ್ತ್ ಫಾರ್ಮ್‌ನವರು ಕೊಟ್ಟ ಸಮ್ಮರ್ ವರ್ಕ್ ಯಾವಾಗ ಮಾಡಿಸಬೇಕು, ಎಷ್ಟು ಮಾಡಿಸಬೇಕು?

ರೆಡಿಂಗ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿ, ಊರು ಶಿವಮೊಗ್ಗ. ಮಗಳ ಜಿಸಿಎಸ್‌ಇ ಪರೀಕ್ಷೆ (ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ) ಮೊನ್ನೆ ಮುಗಿಯಿತು. ಸೆಪ್ಟೆಂಬರ್‌ನಿಂದ ಈಯರ್ 12, ಅಂದರೆ ಸಿಕ್ಸ್ತ್ ಫಾರ್ಮ್‌ನಲ್ಲಿ ಎರಡು ವರ್ಷದ ಎ ಲೆವೆಲ್ ಓದಿನ ಮೊದಲ ವರ್ಷ. ಮ್ಯಾಥ್ಸ್, ಕೆಮಿಸ್ಟ್ರಿ, ಬಯಾಲಜಿ ಎಂದು ಬರೆದುಕೊಟ್ಟಿದ್ದಾಳೆ. ಬಯಾಲಜಿ ಬದಲು ಹಿಸ್ಟರಿ ತಗೊಳ್ಳಲಾ ಎಂದು ಇನ್ನೂ ಯೋಚಿಸುತ್ತಿದ್ದಾಳೆ.

ಸಿಕ್ಸ್ತ್ ಫಾರ್ಮ್‌ನ ಇಂಡಕ್ಷನ್ ದಿನ ಪ್ರತಿ ಸಬ್ಜೆಕ್ಟಿಗೂ ಒಂದೊಂದು ಪ್ಯಾಕ್ ಕೊಟ್ಟು ಕಳಿಸಿದ್ದಾರೆ. ಮ್ಯಾಥ್ಸ್‌ನದ್ದೇ ಒಂದು ದಪ್ಪ ಕಟ್ಟು. ಮೊದಲ ವಾರದಲ್ಲೇ ಇದರ ಮೇಲೆ ಟೆಸ್ಟ್ ಇರುತ್ತದೆ ಎಂದು ಬರೆದಿದೆ. ಅವಳು ಅದನ್ನು ಮೇಜಿನ ಮೇಲಿಟ್ಟು ಗೆಳತಿಯರ ಜೊತೆ ಹೊರಟಳು. ನಮ್ಮ ಯಜಮಾನರು ಈಗಲೇ ಟ್ಯೂಷನ್‌ಗೆ ಹಾಕೋಣ ಎನ್ನುತ್ತಾರೆ. ನನಗೆ ಮಗು ಸುಸ್ತಾಗಿದೆ ಅನಿಸುತ್ತದೆ. ಮೇ, ಜೂನ್ ಪೂರ್ತಿ ಇಪ್ಪತ್ತಕ್ಕೂ ಹೆಚ್ಚು ಪೇಪರ್ ಬರೆದಿದ್ದಾಳೆ.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿ, ಆಮೇಲೆ ಪಿಯುಸಿ. ಅಲ್ಲಿ ಕಾಲೇಜು ಸೇರುವ ಮೊದಲು ಇಂಥ ಹೋಂವರ್ಕ್ ಯಾರೂ ಕೊಟ್ಟಿರಲಿಲ್ಲ. ಇಲ್ಲಿ ಇದನ್ನು ನಿಜವಾಗಿ ನೋಡುತ್ತಾರಾ? ಯಾವಾಗ ಶುರು ಮಾಡಿಸಿದರೆ ಒಳ್ಳೆಯದು? ದೊಡ್ಡ ಮಕ್ಕಳಿರುವವರು ದಯವಿಟ್ಟು ಹೇಳಿ.

ಕೆಮಿಸ್ಟ್ರಿ ಮೇಷ್ಟ್ರು

ಮೇಡಂ, ನಾನು ಬರ್ಮಿಂಗ್‌ಹ್ಯಾಮ್ ಕಡೆ ಒಂದು ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಇಂಥ ಪ್ಯಾಕ್ ತಯಾರು ಮಾಡುವ ಕೆಲಸವೂ ನನ್ನದೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮಗಳಿಗೆ ರಜೆ ಕೊಡಿ. ಜುಲೈ ಪೂರ್ತಿ ಅವಳು ಪುಸ್ತಕ ಮುಟ್ಟದಿದ್ದರೂ ಏನೂ ಆಗುವುದಿಲ್ಲ. ಈಗಲೇ ಕೂರಿಸಿ ಮಾಡಿಸಿದರೆ ಸೆಪ್ಟೆಂಬರ್ ಹೊತ್ತಿಗೆ ಅದೂ ಮರೆತುಹೋಗಿರುತ್ತದೆ. ಆಗಸ್ಟ್ ಮಧ್ಯದಿಂದ ದಿನಕ್ಕೆ ಒಂದು ಗಂಟೆ ಕೂತರೆ ಸಾಕು. ಟೆಸ್ಟ್ ಹತ್ತಿರ ಇರುವಾಗ ಮಾಡಿದ್ದು ಕೈಯಲ್ಲಿ ಉಳಿಯುತ್ತದೆ.

ಪ್ಯಾಕ್ ಕೊಡುವುದು ಯಾಕೆ ಅಂದರೆ, ನಮಗೆ ಹೊಸ ಪಾಠ ಮನೆಯಲ್ಲೇ ಕಲಿತು ಬರಲಿ ಎಂಬ ಆಸೆ ಇಲ್ಲ. ಹಳೆಯದರಲ್ಲಿ ಯಾವುದು ಗಟ್ಟಿಯಾಗಿದೆ, ಯಾವುದು ಅಲ್ಲಾಡುತ್ತಿದೆ ಎಂದು ಮೊದಲ ವಾರದಲ್ಲೇ ತಿಳಿಯಬೇಕು. ಅದಕ್ಕೇ ನಾನು ಮಕ್ಕಳಿಗೆ ಹೇಳುವುದು ಒಂದೇ ಮಾತು: ಬರದ ಪ್ರಶ್ನೆಯನ್ನು ಬರಲಿಲ್ಲ ಎಂದೇ ಬಿಟ್ಟು ತನ್ನಿ. ಎಲ್ಲಿಯವರೆಗೆ ಬಂತೋ ಅಲ್ಲಿಯವರೆಗೆ ಬರೆಯಿರಿ, ಪಕ್ಕದಲ್ಲಿ ಒಂದು ಗೆರೆ ಹಾಕಿ. ಎಲ್ಲ ಉತ್ತರವೂ ಸರಿಯಿರುವ, ಒಂದು ಕಾಟೂ ಇಲ್ಲದ ಪ್ಯಾಕ್ ಬಂದರೆ ನನಗೆ ಆ ಮಗುವಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಕೆಮಿಸ್ಟ್ರಿಯಲ್ಲಿ ಜಾಸ್ತಿ ಮಕ್ಕಳು ಎಡವುವುದು ಮೋಲ್ ಲೆಕ್ಕದಲ್ಲಿ, ಅಂದರೆ ಪದಾರ್ಥದ ಪ್ರಮಾಣವನ್ನು ಅಳೆಯುವ ಲೆಕ್ಕದಲ್ಲಿ. ಒಂದು ಉದಾಹರಣೆ ಕೊಡುತ್ತೇನೆ, ಇವತ್ತೇ ಕೇಳಿ ನೋಡಿ. 25.0 ಘನ ಸೆಂಟಿಮೀಟರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಇದೆ. ಸಾಂದ್ರತೆ ಒಂದು ಘನ ಡೆಸಿಮೀಟರ್‌ಗೆ 0.100 ಮೋಲ್. ಇದರಲ್ಲಿ ಎಷ್ಟು ಮೋಲ್ ಇದೆ? 25ನ್ನು 1000ದಿಂದ ಭಾಗಿಸಿ 0.100ರಿಂದ ಗುಣಿಸಬೇಕು, ಉತ್ತರ 0.00250. ಎರಡೇ ಹೆಜ್ಜೆ. ಆದರೆ ಬಹಳ ಮಕ್ಕಳು 1000ದಿಂದ ಭಾಗಿಸುವುದನ್ನೇ ಬಿಟ್ಟು 2.5 ಎಂದು ಬರೆಯುತ್ತಾರೆ. ಕೆಲವರು 0.0025 ಎಂದು ನಿಲ್ಲಿಸುತ್ತಾರೆ, ಕೊನೆಯ ಸೊನ್ನೆ ಯಾಕೆ ಬೇಕು ಎಂದು ಗೊತ್ತಿರುವುದಿಲ್ಲ. ಕೊಟ್ಟ ಅಳತೆಗಳು ಮೂರು ಸಾರ್ಥಕ ಅಂಕಿಯಲ್ಲಿದ್ದರೆ ಉತ್ತರವೂ ಹಾಗೇ ಇರಬೇಕು. ದ್ರಾವಣದ ಸಾಂದ್ರತೆ ಕಂಡುಹಿಡಿಯುವ ಟೈಟ್ರೇಷನ್ ಲೆಕ್ಕ ಎರಡೂ ವರ್ಷ ಬೆನ್ನು ಬಿಡುವುದಿಲ್ಲ. ಈ ಒಂದು ಜಾಗ ಗಟ್ಟಿಯಾದರೆ ಅರ್ಧ ಭಯ ಹೋಗುತ್ತದೆ.

ಇನ್ನೊಂದು, ಎಲೆಕ್ಟ್ರಾನ್ ಜೋಡಣೆ. ಜಿಸಿಎಸ್‌ಇಯಲ್ಲಿ ಕ್ಯಾಲ್ಸಿಯಂಗೆ 2, 8, 8, 2 ಎಂದು ಕಲಿತಿರುತ್ತಾರೆ. ಎ ಲೆವೆಲ್‌ನಲ್ಲಿ ಎಸ್, ಪಿ, ಡಿ ಎಂಬ ಉಪಕವಚಗಳು ಬರುತ್ತವೆ. ನಾವು ಕಲಿತದ್ದು ಸುಳ್ಳಾ ಎಂದು ಮಕ್ಕಳು ಗಾಬರಿಯಾಗುತ್ತಾರೆ. ಸುಳ್ಳಲ್ಲ, ಅದು ಸರಳ ಮಾಡಿ ಹೇಳಿದ ಚಿತ್ರ. ಇದನ್ನು ಬೇಸಿಗೆಯಲ್ಲಿ ಸುಮ್ನೆ ಒಮ್ಮೆ ಓದಿಕೊಂಡು ಬಂದರೆ ಸಾಕು, ಬಾಯಿಪಾಠ ಬೇಡ.

ಬಯಾಲಜಿಗೆ ಲೆಕ್ಕ ಬೇಡ ಎಂದು ತಿಳಿದು ಬರುವವರೂ ಇದ್ದಾರೆ. ಎ ಲೆವೆಲ್ ಬಯಾಲಜಿಯ ಅಂಕಗಳಲ್ಲಿ ಕನಿಷ್ಠ 10 ಶೇಕಡಾ, ಕೆಮಿಸ್ಟ್ರಿಯಲ್ಲಿ 20 ಶೇಕಡಾ, ಫಿಸಿಕ್ಸ್‌ನಲ್ಲಿ 40 ಶೇಕಡಾ ಲೆಕ್ಕಕ್ಕೇ ಮೀಸಲು. ಸೂಕ್ಷ್ಮದರ್ಶಕದ ಚಿತ್ರ 50 ಮಿಲಿಮೀಟರ್ ಇದೆ, 1000 ಪಟ್ಟು ದೊಡ್ಡದು ಮಾಡಿದ್ದಾರೆ, ನಿಜವಾದ ಅಳತೆ ಎಷ್ಟು ಮೈಕ್ರೋಮೀಟರ್? ಉತ್ತರ 50. ಮಿಲಿಮೀಟರ್‌ನಿಂದ ಮೈಕ್ರೋಮೀಟರ್‌ಗೆ ಹೋಗುವುದು ನೀರು ಕುಡಿದಷ್ಟು ಸುಲಭ ಆಗಿರಬೇಕು.

ಪ್ಯಾಕನ್ನು ನಿಜವಾಗಿ ನೋಡುತ್ತಾರಾ ಎಂದು ಕೇಳಿದ್ದಿರಿ. ಹೌದು, ನೋಡುತ್ತಾರೆ. ಕೆಲವು ಕಡೆ ಮೊದಲ ಟೆಸ್ಟ್‌ನಲ್ಲಿ ತೀರಾ ಕಡಿಮೆ ಬಂದರೆ ಈ ಸಬ್ಜೆಕ್ಟ್ ನಿನಗೆ ಸರಿಹೋಗುತ್ತದಾ ಎಂದು ಕರೆದು ಮಾತಾಡುತ್ತಾರೆ. ಅದಕ್ಕೆ ಹೆದರಬೇಡಿ. ಅದು ಮಗುವಿನ ಒಳ್ಳೆಯದಕ್ಕೇ ಆಗುವ ಮಾತು.

ಹ್ಯಾರೋ ಅಪ್ಪ

ಮೇಷ್ಟ್ರು ಹೇಳಿದ್ದಕ್ಕೆ ಗೌರವ ಇದೆ, ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ಹತ್ತು ವಾರದ ರಜೆ ಇದು. ಎ ಲೆವೆಲ್ ಮುಗಿಯುವವರೆಗೆ ಇಷ್ಟು ಉದ್ದದ ಬಿಡುವು ಇವರಿಗೆ ಮತ್ತೆ ಸಿಗುವುದಿಲ್ಲ. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಇದೇ ವಯಸ್ಸಿನವನು. ಎಸ್‌ಎಸ್‌ಎಲ್‌ಸಿ ಮುಗಿದ ತಿಂಗಳೇ ಕೋಚಿಂಗ್ ಸೇರಿದ್ದಾನೆ. ನಮ್ಮ ಮಕ್ಕಳು ನಾಳೆ ಅಂಥವರ ಜೊತೆಯೇ ಕೆಲಸಕ್ಕೆ ಪೈಪೋಟಿ ಮಾಡಬೇಕು ಅಲ್ವಾ?

ನಮ್ಮ ಮಗ ಮ್ಯಾಥ್ಸ್, ಫರ್ದರ್ ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ, ಹೀಗೆ ನಾಲ್ಕು ತಗೊಂಡಿದ್ದಾನೆ. ಈಗಲೇ ಈಯರ್ 12ರ ಮೊದಲ ಟರ್ಮ್ ಪಾಠ ಶುರು ಮಾಡಿಸಿದ್ದೇನೆ. ಡಿಫರೆನ್ಷಿಯೇಷನ್ ಬಂದುಬಿಟ್ಟರೆ ಸೆಪ್ಟೆಂಬರ್‌ನಲ್ಲಿ ಹಗುರ ಆಗುತ್ತದೆ ಎಂದು ನನ್ನ ನಂಬಿಕೆ.

ಈಯರ್ 13 ಹುಡುಗಿ

ನಮಸ್ತೆ ಆಂಟಿ, ಅಂಕಲ್. ನಾನು ಹೋದ ವರ್ಷ ಇದನ್ನೇ ಮಾಡಿದೆ. ಕನ್ನಡ ಮನೆಯಲ್ಲಿ ಅಜ್ಜಿ ಕಲಿಸಿದ್ದು, ತಪ್ಪಿದ್ದರೆ ಹೇಳಿ.

ಮ್ಯಾಥ್ಸ್ ತಗೊಳ್ಳುವವರಿಗೆ ಒಂದೇ ಮಾತು: ಆಲ್ಜೀಬ್ರಾ. ನಮ್ಮ ಕ್ಲಾಸಿನಲ್ಲಿ ಜಿಸಿಎಸ್‌ಇಗೆ 7 ಬಂದವರು, 8 ಬಂದವರು, ಅತಿ ಹೆಚ್ಚಿನ ಗ್ರೇಡ್ ಆದ 9 ಬಂದವರು ಎಲ್ಲರೂ ಇದ್ದರು. ಆದರೆ ಮೊದಲ ತಿಂಗಳು ಕಷ್ಟಪಟ್ಟವರಿಗೆ ಹೊಸ ಪಾಠ ಅರ್ಥವಾಗದೆ ಕಷ್ಟ ಆಗಿದ್ದಲ್ಲ. ಡಿಫರೆನ್ಷಿಯೇಷನ್ ನಿಯಮ ಹತ್ತು ನಿಮಿಷದಲ್ಲಿ ಬರುತ್ತದೆ. ಅದಕ್ಕೆ ಮೊದಲು ವರ್ಗಮೂಲ, ಭಿನ್ನರಾಶಿ ಇರುವ ಪದವನ್ನು ಘಾತಾಂಕವಾಗಿ ಬರೆಯಬೇಕು, ಅಲ್ಲಿ ನಿಲ್ಲುತ್ತಿದ್ದರು. 27ರ ಘಾತ ಮೈನಸ್ 2/3 ಅಂದರೆ 1/9 ಎಂದು ಕ್ಯಾಲ್ಕುಲೇಟರ್ ಇಲ್ಲದೆ ಬರಬೇಕು. 1 ಭಾಗಿಸು (√5 − 2) ಎಂದು ಕೊಟ್ಟರೆ ಮೇಲೆ ಕೆಳಗೆ (√5 + 2)ರಿಂದ ಗುಣಿಸಿ, ಉತ್ತರ √5 + 2 ಎಂದು ಬರಬೇಕು. ಇವೆಲ್ಲ ಜಿಸಿಎಸ್‌ಇ ಹೈಯರ್ ಪೇಪರಿನ ಪಾಠಗಳೇ. ಆದರೆ ಅಲ್ಲಿ ಇಂಥ ಪ್ರಶ್ನೆ ಒಂದೋ ಎರಡೋ ಬರುತ್ತವೆ, ಬಿಟ್ಟರೂ ಒಳ್ಳೆಯ ಗ್ರೇಡ್ ಸಿಗುತ್ತದೆ. ಇಲ್ಲಿ ಪ್ರತಿ ಪುಟದಲ್ಲೂ ಬರುತ್ತವೆ.

ಕಂಪ್ಲೀಟಿಂಗ್ ದ ಸ್ಕ್ವೇರ್ ಕೂಡ ಅಷ್ಟೇ. ಅದು ಬಂದರೆ ಕ್ವಾಡ್ರಾಟಿಕ್ ಗ್ರಾಫ್‌ನ ತಳ ಎಲ್ಲಿದೆ ಎಂದು ಗೊತ್ತಾಗುತ್ತದೆ, ವೃತ್ತದ ಸಮೀಕರಣ ಬಂದಾಗ ಕೇಂದ್ರ ಎಲ್ಲಿದೆ ಎಂದೂ ಗೊತ್ತಾಗುತ್ತದೆ.

ನಾನು ಬಳಸಿದ್ದು ಡಾಕ್ಟರ್ ಫ್ರಾಸ್ಟ್ ಮ್ಯಾಥ್ಸ್ ವೆಬ್‌ಸೈಟ್. ಫಿಸಿಕ್ಸ್‌ಗೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರ ಐಸಾಕ್ ಫಿಸಿಕ್ಸ್ (ಈಗ ಅದರ ಹೆಸರು ಐಸಾಕ್ ಸೈನ್ಸ್). ಎರಡೂ ಉಚಿತ. ಐಸಾಕ್‌ನಲ್ಲಿ ಉತ್ತರ ಸರಿಯಿದ್ದರೂ ಯೂನಿಟ್ ತಪ್ಪಿದರೆ ಒಪ್ಪುವುದಿಲ್ಲ. ಮೊದಲು ಸಿಟ್ಟು ಬರುತ್ತದೆ, ಆಮೇಲೆ ಯೂನಿಟ್ ಬರೆಯುವುದು ಅಭ್ಯಾಸ ಆಗುತ್ತದೆ.

ಆಮೇಲೆ ಆಂಟಿ, ಅವಳನ್ನು ಗೆಳತಿಯರ ಜೊತೆ ಬಿಡಿ. ಬೇರೆ ಬೇರೆ ಸಿಕ್ಸ್ತ್ ಫಾರ್ಮ್‌ಗೆ ಹೋದ ಮೇಲೆ ಎಲ್ಲರೂ ಒಟ್ಟಿಗೆ ಸಿಗುವುದು ನಿಜವಾಗಿಯೂ ಕಡಿಮೆ ಆಗುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು

ಈ ಹುಡುಗಿ ನನಗಿಂತ ಚೆನ್ನಾಗಿ ಹೇಳಿದ್ದಾಳೆ. ಕನ್ನಡವೂ ಚೆನ್ನಾಗಿದೆ ಮಗಳೇ.

ಹ್ಯಾರೋ ಅಪ್ಪ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ನಿಮ್ಮ ಮಗನಿಗೆ ಅದು ಖುಷಿ ಕೊಡುತ್ತಿದ್ದರೆ ಮಾಡಲಿ. ಫರ್ದರ್ ಮ್ಯಾಥ್ಸ್ ತಗೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಲೆಕ್ಕವೇ ಆಟ. ಆದರೆ ಪಾಠವನ್ನು ಮುಂಚೆ ಮುಗಿಸಿ ಬಂದ ಮಕ್ಕಳಲ್ಲಿ ಒಂದು ತೊಂದರೆ ಕಾಣುತ್ತೇನೆ. ನಿಯಮ ಗೊತ್ತಿರುತ್ತದೆ, ಯಾಕೆ ಹಾಗೆ ಎಂದು ಗೊತ್ತಿರುವುದಿಲ್ಲ. ಕ್ಲಾಸಿನಲ್ಲಿ ಅದನ್ನು ಹೇಳುವಾಗ ನನಗೆ ಬರುತ್ತದೆ ಎಂದು ಕಿವಿ ಮುಚ್ಚಿಕೊಂಡಿರುತ್ತಾರೆ. ಡಿಸೆಂಬರ್ ಹೊತ್ತಿಗೆ ಉಳಿದವರು ಇವರನ್ನು ದಾಟಿ ಹೋಗಿರುತ್ತಾರೆ.

ಬೆಂಗಳೂರಿನ ಹುಡುಗನ ಜೊತೆ ಹೋಲಿಸುವುದೂ ಅಷ್ಟು ಸರಿಯಲ್ಲ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಅದರ ಮೇಲೆ ನೀಟ್, ಜೆಇಇ, ಸಿಇಟಿ. ಆ ಮಗುವಿನ ಮೇಲಿನ ಭಾರವೇ ಬೇರೆ. ಇಲ್ಲಿ ಮೂರೇ ವಿಷಯ, ಆದರೆ ಆಳಕ್ಕೆ ಇಳಿಯಬೇಕು. ಎರಡು ವರ್ಷದ ಪಾಠಕ್ಕೆ ಕೊನೆಯಲ್ಲಿ ಒಂದೇ ಸಲ ಪರೀಕ್ಷೆ. ಉದ್ದನೆಯ ಉತ್ತರ ಬರೆಯಬೇಕು, ಕಾರಣ ಕೊಡಬೇಕು. ಸೈನ್ಸ್‌ನಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ 12 ಪ್ರಯೋಗ ಮಾಡಿ ಲ್ಯಾಬ್ ಪುಸ್ತಕದಲ್ಲಿ ತೋರಿಸಬೇಕು.

ನಾಲ್ಕು ವಿಷಯದ ಬಗ್ಗೆ: ಯೂನಿವರ್ಸಿಟಿಗಳು ಸಾಮಾನ್ಯವಾಗಿ ಆಫರ್ ಕೊಡುವುದು ಮೂರು ಗ್ರೇಡ್ ಮೇಲೆ. ಫರ್ದರ್ ಮ್ಯಾಥ್ಸ್ ಇದ್ದಾಗ ನಾಲ್ಕು ಮಾಡುವುದು ವಾಡಿಕೆ, ಅದು ಬೇರೆ ಮಾತು. ಸುಮ್ನೆ ಹೆಚ್ಚಿರಲಿ ಎಂದು ನಾಲ್ಕನೆಯದು ಸೇರಿಸಿ ಮೂರರಲ್ಲೂ ಒಂದೊಂದು ಗ್ರೇಡ್ ಕಳೆದುಕೊಳ್ಳುವುದನ್ನು ಪ್ರತಿ ವರ್ಷ ನೋಡಿ ಬೇಜಾರಾಗುತ್ತದೆ.

ಕ್ರಾಯ್ಡನ್ ಕನ್ನಡತಿ

ಎಲ್ಲರೂ ಸೈನ್ಸ್ ಬಗ್ಗೆಯೇ ಬರೆಯುತ್ತಿದ್ದೀರಿ, ಹಾಗಾಗಿ ನಾನು ಹಿಸ್ಟರಿ ಕಡೆಯ ವಿಷಯ ಹೇಳುತ್ತೇನೆ. ರೆಡಿಂಗ್ ಅಮ್ಮನ ಮಗಳಿಗೆ ಆ ಆಸೆ ಇದೆಯಲ್ಲ, ಅವಳಿಗಾಗಿ.

ನನ್ನ ಮಗನಿಗೆ ಕೊಟ್ಟ ಸಮ್ಮರ್ ಟಾಸ್ಕ್ ಒಂದೇ ಸಾಲಿನದ್ದು. ಯಾವುದಾದರೂ ಮ್ಯೂಸಿಯಂಗೆ ಹೋಗಿ, ಒಂದು ವಸ್ತು ಆರಿಸಿ, ಅದು ಇಲ್ಲಿಗೆ ಹೇಗೆ ಬಂತು ಎಂದು ಎರಡು ಪುಟ ಬರೆಯಿರಿ. ನಾವು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ವಿ ಆಂಡ್ ಎ (ವಿಕ್ಟೋರಿಯಾ ಆಂಡ್ ಆಲ್ಬರ್ಟ್) ಮ್ಯೂಸಿಯಂಗೆ ಹೋದೆವು. ಪ್ರವೇಶ ಉಚಿತ. ಅಲ್ಲಿ ಟಿಪ್ಪುವಿನ ಹುಲಿ ಇದೆ. ಮರದ ದೊಡ್ಡ ಹುಲಿ, ಕೆಳಗೆ ಬಿದ್ದ ಒಬ್ಬ ಯೂರೋಪಿಯನ್ನನ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಹೊಟ್ಟೆಯ ಪಕ್ಕದ ಬಾಗಿಲು ತೆಗೆದರೆ ಒಳಗೆ ಪುಟ್ಟ ಆರ್ಗನ್. ಹಿಡಿ ತಿರುಗಿಸಿದರೆ ಆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ನರಳುವ ಸದ್ದು ಬರುತ್ತದೆ. ಈಗ ತಿರುಗಿಸಲು ಬಿಡುವುದಿಲ್ಲ, ಗಾಜಿನೊಳಗಿದೆ.

ಅವನು ಮೊದಲು ಬರೆದದ್ದು ಹುಲಿ ಹೇಗಿದೆ, ಯಾವ ಬಣ್ಣ ಎಂದು. ನಾನು ಏನೂ ಹೇಳಲಿಲ್ಲ. ಆಮೇಲೆ ಅವನೇ ಫಲಕ ಓದಿಕೊಂಡು ಒಂದೊಂದೇ ಪ್ರಶ್ನೆ ಕೇಳತೊಡಗಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇದನ್ನು ತೆಗೆದುಕೊಂಡು ಹೋದರು. 1808ರ ಹೊತ್ತಿಗೆ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರ ಮುಂದೆ ಇಟ್ಟರು. ಯಾಕೆ ಇಟ್ಟರು? ನೋಡಲು ಬಂದವರು ಟಿಪ್ಪು ಬಗ್ಗೆ ಏನು ತಿಳಿದುಕೊಂಡು ಹೋಗಲಿ ಎಂದು ಕಂಪನಿಯವರಿಗೆ ಮನಸ್ಸಿತ್ತು? ಇದನ್ನು ಮಾಡಿಸಿದ ಟಿಪ್ಪುವಿನ ಮನಸ್ಸಿನಲ್ಲಿ ಏನಿತ್ತು? ಒಂದೇ ವಸ್ತು, ಎರಡು ಕಡೆಯವರಿಗೆ ಎರಡು ಅರ್ಥ. ಎ ಲೆವೆಲ್ ಹಿಸ್ಟರಿಯಲ್ಲಿ ಕೇಳುವುದೇ ಇದನ್ನು. ಏನಾಯಿತು ಎಂದು ಹೇಳಿದರೆ ಸಾಲದು. ಇದನ್ನು ಯಾರು ಹೇಳುತ್ತಿದ್ದಾರೆ, ಯಾಕೆ ಹೇಳುತ್ತಿದ್ದಾರೆ, ಎಷ್ಟು ನಂಬಬಹುದು ಎಂದು ತೂಗಿ ನೋಡಬೇಕು. ಕೊನೆಗೆ 20 ಶೇಕಡಾ ಅಂಕ ಮಗುವೇ ಓದಿ ಬರೆಯುವ ಕೋರ್ಸ್‌ವರ್ಕ್‌ಗೆ. ಇಂಥ ಟಾಸ್ಕ್ ಅದಕ್ಕೆ ಮೊದಲ ಹೆಜ್ಜೆ.

ಮಂಡ್ಯದಲ್ಲಿರುವ ನಮ್ಮ ಮಾವ ಫೋನಿನಲ್ಲಿ ಅವನ ಜೊತೆ ತುಂಬಾ ಹೊತ್ತು ಮಾತಾಡಿದರು. ಬೇಸಿಗೆ ಅರಮನೆ ದರಿಯಾ ದೌಲತ್ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಅದನ್ನೂ ನೋಡು ಎಂದರು. ಇಂಗ್ಲಿಷರು ಸೋತ ಯುದ್ಧ ಅದು, 1780ರದ್ದು. ಊರಿಗೆ ಹೋದಾಗ ನೋಡಿ ಬಂದ. ಮಗುವಿಗೆ ಊರಿನ ಚರಿತ್ರೆ ಮತ್ತು ಇಲ್ಲಿಯ ಪಾಠ ಒಂದೇ ಪುಟದಲ್ಲಿ ಸಿಕ್ಕಿದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. ವೇಲ್ಸ್ ಹತ್ತಿರ ಇರುವವರು ಪೋವಿಸ್ ಕೋಟೆಗೂ ಹೋಗಬಹುದು, ಟಿಪ್ಪುವಿನ ಡೇರೆ ಅಲ್ಲಿದೆ. ಹೋಗುವ ಮೊದಲು ವಸ್ತು ಪ್ರದರ್ಶನದಲ್ಲಿದೆಯಾ ಎಂದು ವೆಬ್‌ಸೈಟ್ ನೋಡಿಕೊಳ್ಳಿ, ಗ್ಯಾಲರಿಗಳನ್ನು ಆಗಾಗ ಮುಚ್ಚುತ್ತಾರೆ.

ರೆಡಿಂಗ್ ಅಮ್ಮ

ಅಕ್ಕಾ, ನೀವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಶನಿವಾರ ಹೋಗೋಣ್ವಾ ಎಂದಳು. ಪ್ಯಾಕ್ ಬಂದ ಮೇಲೆ ಅವಳು ಇಷ್ಟು ಆಸಕ್ತಿ ತೋರಿಸಿದ್ದು ಇದೇ ಮೊದಲು.

ಇನ್ನೊಂದು ಸಂದೇಹ. ನಾವು ಜುಲೈ ಕೊನೆಗೆ ಶಿವಮೊಗ್ಗಕ್ಕೆ ಹೋಗಿ ಆಗಸ್ಟ್ ಕೊನೆಗೆ ಬರುವ ಹಾಗೆ ಟಿಕೆಟ್ ನೋಡುತ್ತಿದ್ದೇವೆ. ರಿಸಲ್ಟ್ ಆಗಸ್ಟ್‌ನಲ್ಲೇ ಬರುತ್ತದಲ್ಲ. ಆನ್‌ಲೈನ್‌ನಲ್ಲಿ ನೋಡಿಕೊಂಡರೆ ಆಗುತ್ತದಾ?

ಲೀಡ್ಸ್ ಕನ್ನಡತಿ

ಟಿಕೆಟ್ ಬುಕ್ ಮಾಡಬೇಡಿ, ಮೊದಲು ಇದನ್ನು ಓದಿ!

ಎ ಲೆವೆಲ್ ರಿಸಲ್ಟ್ ಆಗಸ್ಟ್‌ನ ಒಂದು ಗುರುವಾರ, ಜಿಸಿಎಸ್‌ಇ ಅದರ ಮುಂದಿನ ಗುರುವಾರ. ರಿಸಲ್ಟ್ ನೋಡುವುದು ದೊಡ್ಡ ವಿಷಯ ಅಲ್ಲ. ಬಹಳ ಶಾಲೆಗಳು ಇಮೇಲ್ ಮಾಡುತ್ತವೆ. ಮಗಳು ಸಹಿ ಮಾಡಿದ ಪತ್ರ ಕೊಟ್ಟರೆ ಬೇರೆಯವರೂ ಹೋಗಿ ತರಬಹುದು, ಶಾಲೆಯನ್ನು ಮೊದಲೇ ಕೇಳಿಕೊಳ್ಳಬೇಕು. ತೊಂದರೆ ಇರುವುದು ಎನ್‌ರೋಲ್‌ಮೆಂಟ್‌ನಲ್ಲಿ. ಬಹಳ ಸಿಕ್ಸ್ತ್ ಫಾರ್ಮ್‌ಗಳು ಅದೇ ದಿನ ಅಥವಾ ಮರುದಿನವೇ ಮಕ್ಕಳನ್ನು ಕರೆಯುತ್ತವೆ. ರಿಸಲ್ಟ್ ಚೀಟಿ, ಪಾಸ್‌ಪೋರ್ಟ್ ಹಿಡಿದು ಮಗುವೇ ಹೋಗಬೇಕು. ಎದುರು ಕೂತು ಸಬ್ಜೆಕ್ಟ್ ಖಾಯಂ ಮಾಡುತ್ತಾರೆ. ನಿಮಗೆ ಸಿಕ್ಕಿರುವ ಆಫರ್ ಷರತ್ತಿನ ಮೇಲಿನದ್ದು. ಮ್ಯಾಥ್ಸ್‌ಗೆ ಕೆಲವು ಕಡೆ 6, ಕೆಲವು ಕಡೆ 7 ಕೇಳುತ್ತಾರೆ. ಒಂದು ಗ್ರೇಡ್ ಕಡಿಮೆ ಬಂದರೆ ಅಲ್ಲೇ ನಿಂತು ಮಾತಾಡಬೇಕಾಗುತ್ತದೆ. ಶಿವಮೊಗ್ಗದಿಂದ ಫೋನ್ ಹಿಡಿದು ಕಾಯುತ್ತಾ ಕೂರುವುದಕ್ಕೂ ಎದುರಿಗೆ ಹೋಗಿ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ನಮ್ಮ ಪರಿಚಯದ ಒಂದು ಮನೆಯವರು ಆ ಸಮಯದಲ್ಲಿ ಊರಲ್ಲಿದ್ದರು. ಹುಡುಗನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಕೈತಪ್ಪಿತು. ಬರುವ ಹೊತ್ತಿಗೆ ಆ ಟೈಮ್‌ಟೇಬಲ್ ಗುಂಪು ಭರ್ತಿಯಾಗಿತ್ತು. ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ. ಜುಲೈ ಮೊದಲ ವಾರ ಹೋಗಿ ಆಗಸ್ಟ್ ಮೊದಲ ವಾರ ಬಂದುಬಿಡಿ. ಚಿಕ್ಕ ಮಕ್ಕಳಿದ್ದರೆ ಅವರ ಶಾಲೆ ಜುಲೈ ಕೊನೆಯವರೆಗೂ ಇರುತ್ತದೆ, ಆಗ ಅಮ್ಮ ಒಬ್ಬರೇ ಮಗಳನ್ನು ಕರೆದುಕೊಂಡು ಹೋಗುವುದೂ ಒಂದು ದಾರಿ.

ಅಂದುಕೊಂಡ ಹಾಗೆ ಗ್ರೇಡ್ ಬರದೇ ಹೋದರೂ ದಿಕ್ಕೆಡಬೇಡಿ. 16, 17 ವಯಸ್ಸಿನ ಪ್ರತಿ ಮಗುವಿಗೂ ಓದು ಅಥವಾ ತರಬೇತಿಯ ಒಂದು ಜಾಗ ತೋರಿಸುವುದು ಇಂಗ್ಲೆಂಡ್‌ನಲ್ಲಿ ಸ್ಥಳೀಯ ಕೌನ್ಸಿಲ್‌ನ ಜವಾಬ್ದಾರಿ. ಸೆಪ್ಟೆಂಬರ್ ಗ್ಯಾರಂಟಿ ಎನ್ನುತ್ತಾರೆ. ಇಂಗ್ಲಿಷ್ ಅಥವಾ ಮ್ಯಾಥ್ಸ್‌ನಲ್ಲಿ ಪಾಸ್ ಗ್ರೇಡ್ ಆದ 4 ಬರದಿದ್ದರೆ ಅದನ್ನು ಮುಂದುವರಿಸಿ ಓದಬೇಕು, ನವೆಂಬರ್‌ನಲ್ಲೇ ಮತ್ತೆ ಬರೆಯಬಹುದು.

ಧಾರವಾಡದ ಅಜ್ಜ

ನಾನು ಪಿಯು ಕಾಲೇಜಿನ ನಿವೃತ್ತ ಗಣಿತ ಉಪನ್ಯಾಸಕ. ಮೊಮ್ಮಗ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಅವನಿಗೆ ಕೊಟ್ಟ ಮ್ಯಾಥ್ಸ್ ಪ್ಯಾಕನ್ನು ಇಬ್ಬರೂ ವಿಡಿಯೋದಲ್ಲಿ ಕೂತು ಮಾಡಿದೆವು. ಇಲ್ಲಿ ಸಂಜೆ, ಅವನಿಗೆ ಮಧ್ಯಾಹ್ನ.

ನಾನು ಒಂದು ನಿಯಮ ಹಾಕಿಕೊಂಡಿದ್ದೆ. ಲೆಕ್ಕ ನಾನು ಬಿಡಿಸುವುದಿಲ್ಲ. ಅವನು ಬಿಡಿಸುತ್ತಾ ಪ್ರತಿ ಹೆಜ್ಜೆಗೂ ಯಾಕೆ ಎಂದು ನನಗೆ ಹೇಳಬೇಕು. ಮೈನಸ್ ಆ ಕಡೆ ಹೋದರೆ ಪ್ಲಸ್ ಆಗುತ್ತದೆ ಅಂದ. ಯಾಕಪ್ಪಾ ಆಗುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಎರಡೂ ಕಡೆ ಅದೇ ಸಂಖ್ಯೆಯನ್ನು ಕೂಡಿಸುತ್ತೇವೆ ಅಜ್ಜಾ ಅಂದ. ನೋಡ್ರಿ, ಅದು ಗೊತ್ತಾದ ಮೇಲೆ ಅಸಮಾನತೆಯ ಲೆಕ್ಕದಲ್ಲಿ ಮೈನಸ್‌ನಿಂದ ಗುಣಿಸಿದಾಗ ಚಿಹ್ನೆ ಯಾಕೆ ತಿರುಗುತ್ತದೆ ಎಂದು ತಾನೇ ಹುಡುಕಿದ.

ಮನೆಯಲ್ಲಿ ಓದಿದ ಹಿರಿಯರು ಇದ್ದರೆ ಈ ಕೆಲಸ ಕೊಡಿ. ನಮಗೂ ದಿನಾ ಖುಷಿಯಿಂದ ಎದುರುನೋಡುವ ಒಂದು ಹೊತ್ತು ಸಿಗುತ್ತದೆ. ಕೆಮಿಸ್ಟ್ರಿಯ ಮೋಲ್ ಬಗ್ಗೆ ಮೇಷ್ಟ್ರು ಬರೆದಿದ್ದಾರೆ. ನಮ್ಮ ಮೊದಲ ಪಿಯುಸಿಯ ಕೆಮಿಸ್ಟ್ರಿ ಪುಸ್ತಕದ ಮೊದಲ ಪಾಠದಲ್ಲೇ ಅದು ಬರುತ್ತದೆ. ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪುಟ್ಟ ಪುಟ್ಟ ಬಿಡಿಸಿದ ಲೆಕ್ಕಗಳ ಸಮೇತ ಉಚಿತವಾಗಿ ಸಿಗುತ್ತದೆ. ಬರೆಯುವ ಕ್ರಮ ಸ್ವಲ್ಪ ಬೇರೆ, ಲೆಕ್ಕ ಒಂದೇ.

ಲೆಸ್ಟರ್ ಚಿಕ್ಕಪ್ಪ

ಎ ಲೆವೆಲ್ ಬಿಟ್ಟು ಬೇರೆ ದಾರಿ ಹಿಡಿದವರ ಪರವಾಗಿ ಒಂದು ಮಾತು. ಅಣ್ಣನ ಮಗಳು ಹೆಲ್ತ್ ವಿಷಯದಲ್ಲಿ ಟಿ ಲೆವೆಲ್ ಮಾಡುತ್ತಿದ್ದಾಳೆ. ಟಿ ಲೆವೆಲ್ ಎಂದರೆ ಒಂದು ವೃತ್ತಿಗೆ ತಯಾರು ಮಾಡುವ, 2020ರಿಂದ ಶುರುವಾದ ಕೋರ್ಸ್‌ಗಳು; ಎರಡು ವರ್ಷ, ಮೂರು ಎ ಲೆವೆಲ್‌ಗೆ ಸಮ. ಇದರಲ್ಲಿ ಕನಿಷ್ಠ 45 ದಿನ ನಿಜವಾದ ಕೆಲಸದ ಜಾಗದಲ್ಲಿ ಇರಬೇಕು. ಅವಳಿಗೆ ಬೇಸಿಗೆಯಲ್ಲಿ ಲೆಕ್ಕದ ಪ್ಯಾಕ್ ಬರಲಿಲ್ಲ. ಒಂದು ಸಿವಿ ಬರೆದು ತಾ, ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಒಬ್ಬರ ಜೊತೆ ಮಾತಾಡಿ ಅವರ ದಿನ ಹೇಗಿರುತ್ತದೆ ಎಂದು ಬರೆದು ತಾ ಎಂದಿದ್ದರು. ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಪಕ್ಕದ ಮನೆಯವರ ಜೊತೆ ಕೂತು ಮಾತಾಡಿದಳು. ಅವತ್ತಿನಿಂದ ಅವಳು ಈ ಕೆಲಸದ ಬಗ್ಗೆ ಮಾತಾಡುವ ಧಾಟಿಯೇ ಬದಲಾಯಿತು.

ನಮ್ಮವರಲ್ಲಿ ಇಂಥ ಕೋರ್ಸ್ ಎಂದರೆ ಸ್ವಲ್ಪ ಕೀಳಾಗಿ ನೋಡುವವರಿದ್ದಾರೆ. ಆ ಮಗು ಎಷ್ಟು ಶ್ರದ್ಧೆಯಿಂದ ಮಾಡುತ್ತಿದೆ ಎಂದು ನೋಡಿದರೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಹ್ಯಾರೋ ಅಪ್ಪ

ಎಲ್ಲರ ಮಾತೂ ಓದಿದೆ. ಮಗನನ್ನು ಕೂರಿಸಿಕೊಂಡು, ಇದು ನಿನಗೆ ಇಷ್ಟವಾ ಎಂದು ನೇರವಾಗಿ ಕೇಳಿದೆ. ಮ್ಯಾಥ್ಸ್ ಇಷ್ಟ, ಕೆಮಿಸ್ಟ್ರಿ ಟ್ಯೂಷನ್ ಬೇಡ ಎಂದ. ಸರಿ, ಅದನ್ನು ನಿಲ್ಲಿಸಿದ್ದೇವೆ.

ಇನ್ನೊಂದು ಕೇಳಬೇಕಿತ್ತು. ಅವನ ತಂಗಿಗೆ ಮೆಡಿಸಿನ್ ಆಸೆ. ಅವಳ ಸರದಿ ಬರುವಾಗ ಜಿಸಿಎಸ್‌ಇ ಮುಗಿದ ಬೇಸಿಗೆಯಲ್ಲೇ ಮೆಡಿಸಿನ್ ಪ್ರವೇಶದ ಯೂಕ್ಯಾಟ್ ಪರೀಕ್ಷೆಗೆ ಓದಿಸಬೇಕಾ? ಮತ್ತೆ ಈ ಪ್ಯಾಕ್‌ಗಳನ್ನು ಮಕ್ಕಳು ಎಐ ಹತ್ತಿರ ಮಾಡಿಸುತ್ತಾರಂತೆ, ಶಾಲೆಯವರು ಹೇಗೆ ನೋಡುತ್ತಾರೆ?

ಕೆಮಿಸ್ಟ್ರಿ ಮೇಷ್ಟ್ರು

ಮಗನನ್ನೇ ಕೇಳಿದ್ದು ತುಂಬಾ ಒಳ್ಳೆಯದಾಯಿತು ಸರ್.

ಯೂಕ್ಯಾಟ್ ಬರೆಯುವುದು ಈಯರ್ 12 ಮುಗಿದ ಮೇಲಿನ ಬೇಸಿಗೆಯಲ್ಲಿ, ಜುಲೈನಿಂದ ಸೆಪ್ಟೆಂಬರ್ ಒಳಗೆ. ಮೆಡಿಸಿನ್ ಅರ್ಜಿಯ ಗಡುವು ಈಯರ್ 13ರ ಅಕ್ಟೋಬರ್ ಮಧ್ಯ. ಜಿಸಿಎಸ್‌ಇ ಬೇಸಿಗೆಯಲ್ಲಿ ಅದಕ್ಕೆ ಓದಿಸುವ ಅಗತ್ಯ ಇಲ್ಲ. ಅದರ ಬದಲು ವಾರಕ್ಕೊಮ್ಮೆ ಕೇರ್ ಹೋಮ್‌ನಲ್ಲೋ ಚಾರಿಟಿ ಅಂಗಡಿಯಲ್ಲೋ ಸ್ವಯಂಸೇವೆ ಶುರು ಮಾಡಿಸಿ. ಒಂದೇ ಕಡೆ ತುಂಬಾ ದಿನ ಹೋಗುವುದು ಮುಖ್ಯ. ಈಗ ಯೂನಿವರ್ಸಿಟಿಗೆ ಹಾಕುವ ಯುಕ್ಯಾಸ್ ಅರ್ಜಿಯಲ್ಲಿ ಉದ್ದನೆಯ ಒಂದೇ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ. ಶಾಲೆಯ ಓದಿನ ಆಚೆ ಏನು ಮಾಡಿದ್ದೀರಿ, ಅದರಿಂದ ಏನು ತಿಳಿದಿರಿ ಎಂಬುದಕ್ಕೇ ಒಂದು ಪ್ರಶ್ನೆ. ಆಗ ಹೇಳಲು ಮಗುವಿಗೆ ತನ್ನದೇ ಅನುಭವ ಇರುತ್ತದೆ.

ಎಐ ಬಗ್ಗೆ. ಯಾರು ಹಾಗೆ ಮಾಡಿಸಿದ್ದಾರೆ ಎಂದು ಮೊದಲ ಟೆಸ್ಟ್‌ನಲ್ಲಿ ತಾನಾಗಿ ಗೊತ್ತಾಗುತ್ತದೆ. ಮನೆಯಿಂದ ಬಂದ ಹಾಳೆಯಲ್ಲಿ ಎಲ್ಲ ಸರಿ, ಕ್ಲಾಸಿನಲ್ಲಿ ಅದೇ ಲೆಕ್ಕಕ್ಕೆ ಪೆನ್ ನಿಲ್ಲುತ್ತದೆ. ಆ ಮಗುವಿನ ಮುಖ ನೋಡುವುದು ನನಗೆ ಕಷ್ಟ. ಹತ್ತು ವಾರ ಬಿಡುವಿದ್ದಾಗ ಸಣ್ಣ ಸಹಾಯದಿಂದ ಸರಿಹೋಗುತ್ತಿದ್ದದ್ದು ಈಗ ಹೊಸ ಪಾಠದ ಜೊತೆ ಸೇರಿ ದೊಡ್ಡದಾಗಿರುತ್ತದೆ. ಅಪ್ಪ ಅಮ್ಮ ಮಾಡಿಕೊಟ್ಟರೂ ಅದೇ ಕಥೆ. ಬೇಕಿದ್ದರೆ ಒಂದು ಹೆಜ್ಜೆ ಅರ್ಥ ಆಗದಾಗ ವಿವರಣೆ ಕೇಳಲಿ, ಆಮೇಲೆ ಅದನ್ನು ಮುಚ್ಚಿಟ್ಟು ಅಂಥದ್ದೇ ಬೇರೆ ಲೆಕ್ಕ ಸ್ವಂತ ಮಾಡಲಿ.

ರೆಡಿಂಗ್ ಅಮ್ಮ ಅವರೇ, ಸಬ್ಜೆಕ್ಟ್ ಆಯ್ಕೆಗೂ ಈ ಪ್ಯಾಕ್‌ಗಳೇ ಒಳ್ಳೆಯ ದಾರಿ. ಬಯಾಲಜಿ ಮತ್ತು ಹಿಸ್ಟರಿ ಎರಡರ ಟಾಸ್ಕೂ ಮಾಡಲಿ. ಯಾವುದನ್ನು ತಾನಾಗಿ ಎತ್ತಿಕೊಳ್ಳುತ್ತಾಳೆ, ಯಾವುದಕ್ಕೆ ನೀವು ನೆನಪಿಸಬೇಕಾಗುತ್ತದೆ, ಸುಮ್ಮನೆ ಗಮನಿಸಿ. ಎನ್‌ರೋಲ್‌ಮೆಂಟ್ ದಿನ ಬದಲಿಸಬಹುದು. ಜಾಗ ಇದ್ದರೆ ಸೆಪ್ಟೆಂಬರ್‌ನ ಮೊದಲ ವಾರಗಳಲ್ಲೂ ಬದಲಿಸಲು ಬಿಡುತ್ತಾರೆ.

ರೆಡಿಂಗ್ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಟಿಕೆಟ್ ಬದಲಾಯಿಸಿದೆವು. ಜುಲೈ ಮೊದಲ ವಾರ ಹೊರಟು ಆಗಸ್ಟ್ 4ಕ್ಕೆ ವಾಪಸ್. ಪ್ಯಾಕ್ ಶಿವಮೊಗ್ಗಕ್ಕೆ ತರುವುದಿಲ್ಲ ಎಂದು ಮಗಳಿಗೆ ಹೇಳಿದ್ದೇನೆ. ಬಂದ ಮೇಲೆ ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಗಂಟೆ ಎಂದು ಅವಳೇ ಹೇಳಿದಳು. ಯಜಮಾನರೂ ಒಪ್ಪಿದರು, ಟ್ಯೂಷನ್ ಬೇಕಾ ಬೇಡವಾ ಎಂದು ಮೊದಲ ಟೆಸ್ಟ್ ಆದ ಮೇಲೆ ನೋಡೋಣ ಎಂದಿದ್ದಾರೆ.

ಕೊನೆಯ ಪ್ರಶ್ನೆ. ಪಟ್ಟಿಯಲ್ಲಿ ಹೊಸ ಕ್ಯಾಲ್ಕುಲೇಟರ್ ಎಂದಿದೆ. ಜಿಸಿಎಸ್‌ಇಗೆ ತಂದದ್ದು ಚೆನ್ನಾಗಿಯೇ ಇದೆ, ಅದು ಸಾಲುವುದಿಲ್ಲವಾ?

ಈಯರ್ 13 ಹುಡುಗಿ

ಸಾಲುವುದಿಲ್ಲ ಆಂಟಿ. ಎ ಲೆವೆಲ್ ಮ್ಯಾಥ್ಸ್‌ನ ಸ್ಟ್ಯಾಟಿಸ್ಟಿಕ್ಸ್ ಭಾಗದಲ್ಲಿ ಬೈನಾಮಿಯಲ್, ನಾರ್ಮಲ್ ಡಿಸ್ಟ್ರಿಬ್ಯೂಷನ್ ಲೆಕ್ಕ ಕ್ಯಾಲ್ಕುಲೇಟರ್‌ನಲ್ಲೇ ಮಾಡಬೇಕು. ಹಳೆಯದರಲ್ಲಿ ಆ ಬಟನ್ ಇರುವುದಿಲ್ಲ. ನಮ್ಮಲ್ಲಿ ಜಾಸ್ತಿ ಜನ ಕ್ಯಾಸಿಯೋ ಎಫ್‌ಎಕ್ಸ್ 991 ಬಳಸುತ್ತಾರೆ. ಗ್ರಾಫ್ ಬರುವ ದುಬಾರಿಯದ್ದು ಈಗಲೇ ಬೇಡ. ಕೆಲವು ಸಿಕ್ಸ್ತ್ ಫಾರ್ಮ್‌ಗಳು ಒಟ್ಟಿಗೆ ತರಿಸಿ ಕಡಿಮೆ ಬೆಲೆಗೆ ಕೊಡುತ್ತವೆ, ಎನ್‌ರೋಲ್‌ಮೆಂಟ್ ದಿನ ಕೇಳಿ. ರೈಲಿನಲ್ಲಿ ಓಡಾಡುವುದಾದರೆ 16-17 ಸೇವರ್ ಕಾರ್ಡ್ ಕೂಡ ಮಾಡಿಸಿಬಿಡಿ, ಸುಮಾರು ಎಲ್ಲ ಟಿಕೆಟ್ಟೂ ಅರ್ಧ ಬೆಲೆಗೆ ಸಿಗುತ್ತದೆ.